ಪಾಯಿಂಟ್ಸ್ ಕಟ್ ಆದವು, ಮೈಲ್ಸ್ ಬರಲಿಲ್ಲ: ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ಅಮೆರಿಕದಲ್ಲಿರುವ ತಂಗಿಯ ಬಾಣಂತನಕ್ಕೆ ಅಮ್ಮನನ್ನು ಕಳಿಸಬೇಕಿತ್ತು. ಎರಡು ವರ್ಷ ಕೂಡಿಟ್ಟ ಕ್ರೆಡಿಟ್ ಕಾರ್ಡ್ ಪಾಯಿಂಟ್ಸ್ ನನ್ನ ಹತ್ತಿರ ಇದ್ದವು. ಅವನ್ನು ಒಂದು ಏರ್‌ಲೈನಿನ ಮೈಲ್ಸ್ (ಟಿಕೆಟ್ ತೆಗೆಯಲು ಬಳಸುವ ಏರ್‌ಲೈನಿನ ಪಾಯಿಂಟ್ಸ್) ಮಾಡಿಕೊಂಡು ಟಿಕೆಟ್ ತೆಗೆಯೋಣ ಅಂತ ಒಂದು ರಾತ್ರಿ ಊಟ ಆದಮೇಲೆ ಕೂತು ಟ್ರಾನ್ಸ್‌ಫರ್ ಒತ್ತಿದೆ. ಬ್ಯಾಂಕಿನ ಕಡೆ 60,000 ಪಾಯಿಂಟ್ಸ್ ತಕ್ಷಣ ಕಟ್ ಆದವು. ಏರ್‌ಲೈನ್ ಕಡೆ ಸೊನ್ನೆ. ಮರುದಿನವೂ ಸೊನ್ನೆ, ಆರನೇ ದಿನವೂ ಸೊನ್ನೆ. ಅಷ್ಟರಲ್ಲಿ ನೋಡಿಟ್ಟಿದ್ದ ಸೀಟು ಬೇರೆಯವರ ಪಾಲಾಗಿತ್ತು.

ತಪ್ಪು ಇದ್ದದ್ದು ಹೆಸರಿನಲ್ಲಿ. ಅದನ್ನು ಕಂಡುಹಿಡಿಯಲು ನನಗೆ ಏಳು ದಿನ ಬೇಕಾಯಿತು. ಸರಿಯಾದ ಕ್ರಮದಲ್ಲಿ ನೋಡಿದ್ದರೆ ಹತ್ತು ನಿಮಿಷ ಸಾಕಿತ್ತು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಲ್ಲಿಯಲ್ಲಿ ನೀರು ಬರದಿದ್ದರೆ ಮೊದಲು ಮೇಲಿನ ಟ್ಯಾಂಕ್ ನೋಡುತ್ತೇವೆ, ಆಮೇಲೆ ವಾಲ್ವ್, ಕೊನೆಗೆ ನಲ್ಲಿ ಬಿಚ್ಚುತ್ತೇವೆ, ಅಲ್ವಾ? ಇಲ್ಲೂ ಹಾಗೇ. ಪಾಯಿಂಟ್ಸ್ ಸಿಕ್ಕಿಹಾಕಿಕೊಳ್ಳುವುದು ಮೂರೇ ಜಾಗದಲ್ಲಿ: ಬ್ಯಾಂಕಿನಲ್ಲಿ, ದಾರಿಯಲ್ಲಿ, ಏರ್‌ಲೈನ್ ಖಾತೆಯಲ್ಲಿ. ಯಾವ ಜಾಗ ಅಂತ ಗೊತ್ತಾಗುವವರೆಗೆ ಏನನ್ನೂ ಮುಟ್ಟಬೇಡಿ. ಮುಖ್ಯವಾಗಿ ಎರಡನೇ ಸಲ ಟ್ರಾನ್ಸ್‌ಫರ್ ಒತ್ತಬೇಡಿ. ಒಮ್ಮೆ ಏರ್‌ಲೈನಿಗೆ ಹೋದ ಪಾಯಿಂಟ್ಸನ್ನು ಬ್ಯಾಂಕು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀವು ಏನೂ ಮಾಡದೆಯೇ ಪಾಯಿಂಟ್ಸ್ ಕಟ್ ಆಗಿದ್ದರೆ ಉಳಿದದ್ದನ್ನೆಲ್ಲ ಬಿಟ್ಟು "ನಾನು ಕಳಿಸಿಯೇ ಇಲ್ಲ" ಅನ್ನುವ ಭಾಗಕ್ಕೆ ಹೋಗಿ. ಅಲ್ಲಿ ಒಂದೊಂದು ನಿಮಿಷಕ್ಕೂ ಬೆಲೆ ಇದೆ.

## "ಟ್ರಾನ್ಸ್‌ಫರ್ ಮಾಡುವ ಆಯ್ಕೆಯೇ ಕಾಣುತ್ತಿಲ್ಲ"

ಇದು ಎಲ್ಲಕ್ಕಿಂತ ಸುಲಭದ್ದು. ಇಲ್ಲಿ ಏನೂ ಕಳೆದುಹೋಗಿಲ್ಲ, ಪಾಯಿಂಟ್ಸ್ ಇನ್ನೂ ನಿಮ್ಮ ಹತ್ತಿರವೇ ಇವೆ.

ಮೊದಲು ಕಾರ್ಡ್ ಯಾವುದು ಅಂತ ನೋಡಿ. ಒಂದೇ ಬ್ಯಾಂಕಿನ ಎಲ್ಲ ಕಾರ್ಡುಗಳಿಗೂ ಏರ್‌ಲೈನ್ ಟ್ರಾನ್ಸ್‌ಫರ್ ಇರುವುದಿಲ್ಲ. ಪಕ್ಕದ ಮನೆಯವರ ಕಾರ್ಡಿಗೆ ಇದೆ, ನನ್ನದಕ್ಕೂ ಇರಬೇಕು ಅಂತ ಅಂದುಕೊಳ್ಳುವ ಹಾಗಿಲ್ಲ. ಕ್ಯಾಶ್‌ಬ್ಯಾಕ್ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯವೇ ಇಲ್ಲ.

ಆಮೇಲೆ ಬಾಕಿ ನೋಡಿ. ಬಿಲ್ ಕಟ್ಟುವ ದಿನ ದಾಟಿದ್ದರೆ ಅಥವಾ ಕಾರ್ಡ್ ಬ್ಲಾಕ್ ಆಗಿದ್ದರೆ ಹೆಚ್ಚಿನ ಬ್ಯಾಂಕುಗಳು ಪಾಯಿಂಟ್ಸ್ ಮುಟ್ಟಲು ಬಿಡುವುದಿಲ್ಲ. ಬಾಕಿ ಕಟ್ಟಿ ಎರಡು ಮೂರು ದಿನ ಬಿಟ್ಟು ಮತ್ತೆ ನೋಡಿ.

ಆ್ಯಪ್‌ನಲ್ಲಿ ಕಾಣದ್ದು ಕೆಲವು ಸಲ ನೆಟ್‌ಬ್ಯಾಂಕಿಂಗ್‌ನಲ್ಲಿ ಕಾಣುತ್ತದೆ. ಬಹಳ ಬ್ಯಾಂಕುಗಳು ರಿವಾರ್ಡ್ಸ್‌ಗೆ ಬೇರೆಯೇ ಪೋರ್ಟಲ್ ಇಟ್ಟಿವೆ. ಎಚ್‌ಡಿಎಫ್‌ಸಿಯಲ್ಲಿ ಸ್ಮಾರ್ಟ್‌ಬೈ ಇದೆ, ಆಕ್ಸಿಸ್‌ನಲ್ಲಿ ಎಡ್ಜ್ ರಿವಾರ್ಡ್ಸ್ ಇದೆ. ಒಳಗೆ ಹೋಗುವಾಗ ಬ್ಯಾಂಕಿನ ಆ್ಯಪ್ ಅಥವಾ ನೆಟ್‌ಬ್ಯಾಂಕಿಂಗ್ ಮೂಲಕವೇ ಹೋಗಿ. ಗೂಗಲ್‌ನಲ್ಲಿ ಹುಡುಕಿ ಮೊದಲು ಬಂದ ಲಿಂಕ್ ಒತ್ತಬೇಡಿ.

ಆಯ್ಕೆ ಕಾಣುತ್ತಿದೆ, ಆದರೆ ಒತ್ತಿದರೆ ಮಿತಿ ಮೀರಿದೆ ಅಂತ ಬರುತ್ತಿದೆಯಾ? ಅದು ವರ್ಷದ ಮಿತಿ ಇರಬಹುದು. ಉದಾಹರಣೆಗೆ ಆಕ್ಸಿಸ್ ಬ್ಯಾಂಕು ತನ್ನ ಪಾರ್ಟ್ನರ್‌ಗಳನ್ನು, ಅಂದರೆ ಪಾಯಿಂಟ್ಸ್ ಕಳಿಸಬಹುದಾದ ಕಂಪನಿಗಳನ್ನು, ಎ ಮತ್ತು ಬಿ ಅಂತ ಎರಡು ಗುಂಪು ಮಾಡಿ, ಒಂದೊಂದು ಗುಂಪಿಗೂ ವರ್ಷಕ್ಕೆ ಇಷ್ಟೇ ಪಾಯಿಂಟ್ಸ್ ಅಂತ ಕಟ್ಟು ಹಾಕಿದೆ. ಎ ಗುಂಪಿನ ಮಿತಿ ಮುಗಿದರೂ ಬಿ ಗುಂಪಿನ ಏರ್‌ಲೈನಿಗೆ ಕಳಿಸಬಹುದು. ಕನಿಷ್ಠ ಇಷ್ಟು ಇರಬೇಕು, ನೂರರ ಅಥವಾ ಐನೂರರ ಲೆಕ್ಕದಲ್ಲೇ ಕಳಿಸಬೇಕು ಅನ್ನುವ ನಿಯಮಗಳೂ ಇರುತ್ತವೆ. ಈ ತಿಂಗಳ ಖರೀದಿಯ ಪಾಯಿಂಟ್ಸ್ ಬಂದಿವೆ ಅಂತ ತೋರಿಸಿದರೂ ಸ್ಟೇಟ್‌ಮೆಂಟ್ ಆಗುವವರೆಗೆ ಕೆಲವು ಕಡೆ ಬಳಸಲು ಬರುವುದಿಲ್ಲ.

## "ಖಾತೆ ಲಿಂಕ್ ಆಗುತ್ತಿಲ್ಲ, ಹೆಸರು ಹೊಂದುತ್ತಿಲ್ಲ"

ಈ ಭಾಗವನ್ನು ದಯವಿಟ್ಟು ಪೂರ್ತಿ ಓದಿ. ನಮ್ಮ ಕಡೆಯವರಿಗೆ ಜಾಸ್ತಿ ತೊಂದರೆ ಆಗುವುದು ಇಲ್ಲೇ.

ಏರ್‌ಲೈನಿನ ಫಾರಂ ಎರಡು ಹೆಸರು ಕೇಳುತ್ತದೆ: ಮೊದಲ ಹೆಸರು, ಕೊನೆಯ ಹೆಸರು. ನಮ್ಮಲ್ಲಿ ಬಹಳ ಮಂದಿಗೆ ಕೊನೆಯ ಹೆಸರು ಅಂತ ಒಂದು ಇಲ್ಲವೇ ಇಲ್ಲ. ಇರುವುದು ಇನಿಷಿಯಲ್ಲು. ಊರಿನದೊಂದು, ಅಪ್ಪನದೊಂದು. ಅದನ್ನು ಶಾಲೆಯ ದಾಖಲೆಯಲ್ಲಿ ಒಂದು ರೀತಿ ಬರೆದಿರುತ್ತಾರೆ, ಪಾನ್ ಕಾರ್ಡಿನಲ್ಲಿ ಇನ್ನೊಂದು ರೀತಿ, ಪಾಸ್‌ಪೋರ್ಟಿನಲ್ಲಿ ಮತ್ತೊಂದು ರೀತಿ.

ನಾನು ಏಳನೇ ದಿನ ಮಾಡಿದ್ದನ್ನು ನೀವು ಮೊದಲನೇ ದಿನವೇ ಮಾಡಿ. ಪಾಸ್‌ಪೋರ್ಟ್, ಕ್ರೆಡಿಟ್ ಕಾರ್ಡ್, ಪಾನ್ ಕಾರ್ಡ್ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಡಿ. ಪಕ್ಕದಲ್ಲಿ ಏರ್‌ಲೈನ್ ಖಾತೆಯ ಪ್ರೊಫೈಲ್ ಪುಟ ತೆರೆಯಿರಿ. ಹೆಸರನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಓದಿ. ನನ್ನ ಕಾರ್ಡಿನ ಮೇಲೆ "ಎಚ್ ಎಸ್" ಅಂತ ಎರಡು ಇನಿಷಿಯಲ್, ಆಮೇಲೆ ಹೆಸರು. ಪಾಸ್‌ಪೋರ್ಟಿನಲ್ಲಿ ಮೊದಲು ಹೆಸರು, ಸರ್‌ನೇಮ್ ಜಾಗದಲ್ಲಿ ಊರು ಮತ್ತು ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದದ್ದು. ಏರ್‌ಲೈನ್ ಖಾತೆ ಮಾಡುವಾಗ ನಾನು ಕೊನೆಯ ಹೆಸರಿನ ಜಾಗದಲ್ಲಿ ಬರೀ "ಎಸ್" ಅಂತ ಹಾಕಿಬಿಟ್ಟಿದ್ದೆ. ಮೂರು ಕಡೆ ಮೂರು ಹೆಸರು. ನನ್ನ ಕಣ್ಣಿಗೆ ಮೂರೂ ನಾನೇ, ಕಂಪ್ಯೂಟರಿಗೆ ಮೂರು ಬೇರೆ ಜನ.

ಸರಿಪಡಿಸುವ ಕ್ರಮ ಹೀಗೆ. ಮೊದಲು ಏರ್‌ಲೈನ್ ಖಾತೆಯ ಹೆಸರನ್ನು ಪಾಸ್‌ಪೋರ್ಟಿಗೆ ಸರಿಹೊಂದಿಸಿ. ಕಾರ್ಡಿಗೆ ಹೊಂದಿಸಲು ಹೋಗಬೇಡಿ, ಯಾಕೆಂದರೆ ನಿಮಗೇ ಟಿಕೆಟ್ ತೆಗೆದರೆ ಅದು ಆಗುವುದು ಖಾತೆಯ ಹೆಸರಿನಲ್ಲಿ, ವಿಮಾನ ನಿಲ್ದಾಣದಲ್ಲಿ ನೋಡುವುದು ಪಾಸ್‌ಪೋರ್ಟನ್ನು. ಪ್ರೊಫೈಲ್ ಪುಟದಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಬಿಡುವುದಿಲ್ಲ, ಏರ್‌ಲೈನಿಗೆ ಕೋರಿಕೆ ಕೊಟ್ಟು ಪಾಸ್‌ಪೋರ್ಟಿನ ಪ್ರತಿ ಕಳಿಸಬೇಕಾಗುತ್ತದೆ. ಅದನ್ನು ಲಾಗಿನ್ ಆದಮೇಲೆ ಸಿಗುವ ಫಾರಂನಲ್ಲೇ ಹಾಕಿ. ಯಾವುದೋ ವಾಟ್ಸಾಪ್ ನಂಬರಿಗೆ ಪಾಸ್‌ಪೋರ್ಟ್ ಫೋಟೋ ಕಳಿಸುವ ಕೆಲಸ ಬೇಡವೇ ಬೇಡ.

ಅದಾದ ಮೇಲೂ ಬ್ಯಾಂಕು ಒಪ್ಪದಿದ್ದರೆ ಬ್ಯಾಂಕಿನ ದಾಖಲೆಯಲ್ಲಿ ಹೆಸರು ಹೇಗಿದೆ ಅಂತ ಕೇಳಿ. ಕಾರ್ಡಿನ ಮೇಲೆ ಅಚ್ಚಾಗಿರುವುದು ಒಂದು, ಒಳಗಿನ ದಾಖಲೆಯಲ್ಲಿ ಇರುವುದು ಇನ್ನೊಂದು ಇರಬಹುದು. ಕಾರ್ಡಿನಲ್ಲಿ ಜಾಗ ಕಡಿಮೆ ಅಂತ ಉದ್ದ ಹೆಸರನ್ನು ಮೊಟಕು ಮಾಡಿರುತ್ತಾರೆ. ಒಳಗಿನ ಹೆಸರೇ ತಪ್ಪಿದ್ದರೆ ಕೆವೈಸಿ ತಿದ್ದುಪಡಿ ಆಗಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಬ್ರಾಂಚಿಗೂ ಹೋಗಬೇಕಾಗಬಹುದು. ಮದುವೆ ಆದಮೇಲೆ ಪಾಸ್‌ಪೋರ್ಟಿನಲ್ಲಿ ಮಾತ್ರ ಗಂಡನ ಹೆಸರು ಸೇರಿಸಿಕೊಂಡ ಹೆಣ್ಣುಮಕ್ಕಳಿಗೆ ಈ ಹಂತ ತಪ್ಪಿದ್ದಲ್ಲ.

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದವರು ಏನು ಮಾಡಬೇಕು? ಒಂದೊಂದು ಏರ್‌ಲೈನಿಗೆ ಒಂದೊಂದು ಪದ್ಧತಿ. ಕೆಲವರು ಇರುವ ಹೆಸರನ್ನೇ ಎರಡು ಕಡೆಯೂ ಬರೆಯಿರಿ ಅನ್ನುತ್ತಾರೆ, ಕೆಲವರು ಇರುವ ಹೆಸರನ್ನು ಕೊನೆಯ ಹೆಸರಿನ ಜಾಗದಲ್ಲಿ ಬರೆದು ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" (ಮೊದಲ ಹೆಸರು ಗೊತ್ತಿಲ್ಲ) ಅಂತ ಹಾಕಿ ಅನ್ನುತ್ತಾರೆ. ನೀವಾಗಿಯೇ ಒಂದು ಚುಕ್ಕಿಯನ್ನೋ ಅಪ್ಪನ ಹೆಸರನ್ನೋ ತುಂಬಬೇಡಿ. ಆ ಏರ್‌ಲೈನನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದು ಇಟ್ಟುಕೊಳ್ಳಿ.

ಕಿರಿಕಿರಿ ತಡೆಯಲಾರದೆ ಸರಿಯಾದ ಹೆಸರಿನಲ್ಲಿ ಇನ್ನೊಂದು ಹೊಸ ಖಾತೆ ಮಾಡಿಬಿಡೋಣ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಬೇಡ. ಒಬ್ಬರಿಗೆ ಒಂದೇ ಖಾತೆ ಅನ್ನುವುದು ಏರ್‌ಲೈನುಗಳ ಮೈಲ್ಸ್ ಕಾರ್ಯಕ್ರಮಗಳ ಸಾಮಾನ್ಯ ನಿಯಮ. ಎರಡು ಸಿಕ್ಕಿದರೆ ಒಂದನ್ನು ಮುಚ್ಚುತ್ತಾರೆ, ಮೈಲ್ಸ್ ಯಾವುದರಲ್ಲಿದ್ದವು ಅನ್ನುವುದು ಮತ್ತೊಂದು ತಲೆನೋವಾಗುತ್ತದೆ. ಇರುವುದನ್ನೇ ತಿದ್ದಿಸಿ.

## "ಬ್ಯಾಂಕಿನಲ್ಲಿ ಕಟ್ ಆಗಿದೆ, ಏರ್‌ಲೈನಿನಲ್ಲಿ ಬಂದಿಲ್ಲ"

ಮೊದಲು ಉಸಿರು ತೆಗೆದುಕೊಳ್ಳಿ. ಕೆಲವು ಏರ್‌ಲೈನುಗಳಿಗೆ ನಿಮಿಷಗಳಲ್ಲಿ ಹೋಗುತ್ತದೆ, ಕೆಲವಕ್ಕೆ ಎರಡು ಮೂರು ದಿನ, ಕೆಲವಕ್ಕೆ ವಾರವೂ ಮೀರುತ್ತದೆ. ಎಷ್ಟು ದಿನ ಅಂತ ಬ್ಯಾಂಕಿನ ಟ್ರಾನ್ಸ್‌ಫರ್ ಪುಟದಲ್ಲೇ ಬರೆದಿರುತ್ತಾರೆ. ಅವರು ಹೇಳುವುದು ಕೆಲಸದ ದಿನಗಳ ಲೆಕ್ಕ. ಎರಡನೇ ಮತ್ತು ನಾಲ್ಕನೇ ಶನಿವಾರ, ಭಾನುವಾರ, ಹಬ್ಬದ ರಜೆ ಕಳೆಯಿರಿ.

ಕಾಯುತ್ತಿರುವಾಗ ಈ ಕೆಲಸ ಮಾಡಿ. ಬ್ಯಾಂಕಿನ ರಿವಾರ್ಡ್ಸ್ ಇತಿಹಾಸದ ಪುಟ ತೆರೆದು ಸ್ಕ್ರೀನ್‌ಶಾಟ್ ತೆಗೆಯಿರಿ. ದಿನಾಂಕ, ಸಮಯ, ಎಷ್ಟು ಪಾಯಿಂಟ್ಸ್, ಯಾವ ಏರ್‌ಲೈನ್, ಯಾವ ಸದಸ್ಯ ಸಂಖ್ಯೆ, ರೆಫರೆನ್ಸ್ ನಂಬರ್, ಎಲ್ಲ ಒಂದೇ ಚಿತ್ರದಲ್ಲಿ ಬರಲಿ. ಅಲ್ಲಿ "ಪ್ರೊಸೆಸಿಂಗ್" ಅಂತ ಇದ್ದರೆ ಪಾಯಿಂಟ್ಸ್ ಇನ್ನೂ ದಾರಿಯಲ್ಲಿವೆ, ಸುಮ್ನೆ ಕಾಯಬಹುದು. "ಫೇಲ್ಡ್" ಅಂತ ಇದ್ದರೆ ಏರ್‌ಲೈನ್ ಒಪ್ಪಿಲ್ಲ, ಪಾಯಿಂಟ್ಸ್ ವಾಪಸ್ ಬರಬೇಕು. ನನ್ನದು ಹೀಗೇ ಆಗಿತ್ತು. ಏರ್‌ಲೈನ್ ತಿರಸ್ಕರಿಸಿ ಎಷ್ಟೋ ದಿನ ಆದಮೇಲೆ, ಒಂಬತ್ತನೇ ದಿನ, ಪಾಯಿಂಟ್ಸ್ ಬ್ಯಾಂಕಿಗೆ ಮರಳಿದವು. "ಸಕ್ಸೆಸ್" ಅಂತ ಇದ್ದೂ ಮೈಲ್ಸ್ ಕಾಣದಿದ್ದರೆ ಮಾತ್ರ ಮುಂದೆ ಓದಿ.

ಏರ್‌ಲೈನ್ ಖಾತೆಯಲ್ಲಿ ಮೇಲ್ಗಡೆ ಕಾಣುವ ಮೊತ್ತವನ್ನಷ್ಟೇ ನೋಡಬೇಡಿ. ಒಳಗೆ ವ್ಯವಹಾರಗಳ ಪಟ್ಟಿ ಇರುತ್ತದೆ, ಅದನ್ನು ತೆರೆಯಿರಿ. ಒಮ್ಮೆ ಲಾಗೌಟ್ ಆಗಿ ಮತ್ತೆ ಒಳಗೆ ಬನ್ನಿ. ಮೇಲಿನ ಮೊತ್ತ ತಡವಾಗಿ ಬದಲಾಗುವುದು ಉಂಟು.

ಸದಸ್ಯ ಸಂಖ್ಯೆಯನ್ನು ಸ್ಕ್ರೀನ್‌ಶಾಟ್ ಜೊತೆ ಹೋಲಿಸಿ. ಒಂದು ಅಂಕಿ ಅದಲು ಬದಲಾಗಿದ್ದರೂ ಸಾಕು. ಅಂಕಿ ತಪ್ಪಿದೆ ಅಂತ ಗೊತ್ತಾದರೆ ಅದೇ ಕ್ಷಣ ಬ್ಯಾಂಕಿಗೆ ಬರೆಯಿರಿ, ನಾಳೆಗೆ ಇಡಬೇಡಿ. ಬೇರೆಯವರ ಖಾತೆಗೆ ಹೋಗಿ ಸೇರಿದ್ದರೆ ವಾಪಸ್ ತರುವುದು ಬಹಳ ಕಷ್ಟ.

ಹಳೆಯ ಹೆಸರುಗಳಿಂದಲೂ ಗೊಂದಲ ಆಗುತ್ತದೆ. ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾಯಿತು, ಅದರ ಮೈಲ್ಸ್ ಕಾರ್ಯಕ್ರಮವಾಗಿದ್ದ ಕ್ಲಬ್ ವಿಸ್ತಾರದ ಸದಸ್ಯರ ಪಾಯಿಂಟ್ಸ್ ಏರ್ ಇಂಡಿಯಾ ಕಡೆಗೆ ಹೋದವು. ಏರ್ ಇಂಡಿಯಾದ ಇಂಥದೇ ಕಾರ್ಯಕ್ರಮ ಫ್ಲೈಯಿಂಗ್ ರಿಟರ್ನ್ಸ್ 2025ರಲ್ಲಿ ಮಹಾರಾಜ ಕ್ಲಬ್ ಆಯಿತು. ಹಳೆಯ ಲೇಖನ ಓದಿ ಹಳೆಯ ನಂಬರ್ ಇಟ್ಟುಕೊಂಡು ಕೂತಿದ್ದರೆ ಈಗಿನ ನಂಬರ್ ಯಾವುದು ಅಂತ ಲಾಗಿನ್ ಆಗಿ ನೋಡಿ.

ಏವಿಯಾಸ್ ಇನ್ನೊಂದು ಬಲೆ. ಬ್ರಿಟಿಷ್ ಏರ್‌ವೇಸ್, ಕತಾರ್ ಏರ್‌ವೇಸ್, ಐಬೀರಿಯಾ, ಫಿನ್‌ಏರ್ ಇವೆಲ್ಲ ಏವಿಯಾಸ್ ಅನ್ನುವ ಒಂದೇ ನಾಣ್ಯ ಬಳಸುತ್ತವೆ, ಆದರೆ ಖಾತೆಗಳು ಬೇರೆ ಬೇರೆ. ಕತಾರ್ ಖಾತೆಗೆ ಕಳಿಸಿದ್ದು ಬ್ರಿಟಿಷ್ ಏರ್‌ವೇಸ್ ಖಾತೆಯಲ್ಲಿ ತಾನಾಗಿ ಕಾಣುವುದಿಲ್ಲ. ಎರಡನ್ನೂ ಜೋಡಿಸಿ ಒಂದರಿಂದ ಇನ್ನೊಂದಕ್ಕೆ ಸಾಗಿಸಬಹುದು. ಇದೊಂದರಲ್ಲಿ ಮಾತ್ರ ತಪ್ಪು ಖಾತೆಗೆ ಹೋದರೂ ದಾರಿ ಇದೆ.

ಬ್ಯಾಂಕು ಹೇಳಿದ ದಿನ ಮುಗಿಯಿತು, ಏನೂ ಬಂದಿಲ್ಲ. ಈಗ ಬರೆಯಬೇಕು. ಮೊದಲು ಬ್ಯಾಂಕಿಗೇ ಬರೆಯಿರಿ. ಏರ್‌ಲೈನಿನವರಿಗೆ ಕಾಣುವುದು ಬ್ಯಾಂಕಿನಿಂದ ತಮಗೆ ಬಂದ ವಿವರ ಮಾತ್ರ, ಬರದೇ ಇದ್ದದ್ದನ್ನು ಅವರು ಹುಡುಕಲಾರರು. ಫೋನಿನಲ್ಲಿ ಹೇಳಿದರೂ ಇಮೇಲ್ ಕಡ್ಡಾಯ. "ಇಂಥ ದಿನ, ಇಷ್ಟು ಪಾಯಿಂಟ್ಸ್, ಈ ಸದಸ್ಯ ಸಂಖ್ಯೆಗೆ ಕಳಿಸಿದ್ದೇನೆ, ನೀವು ಹೇಳಿದ ಅವಧಿ ಮುಗಿದಿದೆ, ಏರ್‌ಲೈನಿಗೆ ಕಳಿಸಿದ ದಿನಾಂಕ ಮತ್ತು ಅವರಿಂದ ಬಂದ ಉತ್ತರ ತಿಳಿಸಿ" ಅಂತ ಕೇಳಿ. ಕೊನೆಯ ಆ ಪ್ರಶ್ನೆ ಬಹಳ ಮುಖ್ಯ. ನಾನು "ಯಾವಾಗ ಬರುತ್ತದೆ" ಅಂತ ಕೇಳಿದ್ದಕ್ಕೆಲ್ಲ "ದಯವಿಟ್ಟು ಕಾಯಿರಿ" ಅನ್ನುವ ಉತ್ತರ ಬರುತ್ತಿತ್ತು. ಏರ್‌ಲೈನ್ ಏನು ಹೇಳಿದೆ ಅಂತ ಕೇಳಿದ ದಿನವೇ ಹೆಸರು ಹೊಂದಿಲ್ಲ ಅನ್ನುವುದು ಹೊರಬಂತು.

30 ದಿನದಲ್ಲಿ ಬ್ಯಾಂಕು ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ನ್ಯಾಯ ಅನ್ನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ನೋಡುವ ಅಧಿಕಾರಿ) ದೂರು ಕೊಡಬಹುದು. ದುಡ್ಡು ಬೇಕಿಲ್ಲ, ವಕೀಲರೂ ಬೇಕಿಲ್ಲ. ಸಿಎಂಎಸ್ ಅನ್ನುವ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ದೂರು ದಾಖಲಿಸಬಹುದು. ಸಹಾಯಕ್ಕೆ 14448ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಬ್ಯಾಂಕಿಗೆ ಮೊದಲು ಬರೆದ ಪುರಾವೆ ಇಲ್ಲದೆ ಹೋದರೆ ಅಲ್ಲಿ ದೂರು ನಿಲ್ಲುವುದಿಲ್ಲ. ಇಮೇಲ್ ಕಡ್ಡಾಯ ಅಂದದ್ದು ಅದಕ್ಕೇ.

## "ಮೈಲ್ಸ್ ಬಂದಿವೆ, ಆದರೆ ಕಡಿಮೆ ಬಂದಿವೆ"

ಹತ್ತರಲ್ಲಿ ಒಂಬತ್ತು ಸಲ ಇದು ಅನುಪಾತದ ಗೊಂದಲ. 2:1 ಅಂದರೆ 1,000 ಪಾಯಿಂಟ್ಸ್ ಕೊಟ್ಟರೆ 500 ಮೈಲ್ಸ್. 5:4 ಅಂದರೆ 800. 1:2 ಅಂದರೆ 2,000. ಮೊದಲ ಅಂಕಿ ನೀವು ಕೊಡುವುದು, ಎರಡನೆಯದು ನಿಮಗೆ ಸಿಗುವುದು. ಒಂದೇ ಕಾರ್ಡಿನಲ್ಲೂ ಏರ್‌ಲೈನ್ ಬದಲಾದರೆ ಅನುಪಾತ ಬದಲಾಗುತ್ತದೆ. ಬ್ಯಾಂಕುಗಳು ಇದನ್ನು ಆಗಾಗ ತಿದ್ದುತ್ತವೆ, ಹಾಗಾಗಿ ಕಳಿಸುವ ಹೊತ್ತಿಗೆ ಪರದೆಯ ಮೇಲೆ ಇದ್ದದ್ದೇ ಲೆಕ್ಕ, ಹೋದ ವರ್ಷ ಸ್ನೇಹಿತರು ಹೇಳಿದ್ದಲ್ಲ.

ಮೈಲ್ಸ್ ಸರಿ ಇವೆ, ಕಾರ್ಡ್ ಬಿಲ್ಲಿನಲ್ಲಿ ಏನೋ ಹೆಚ್ಚುವರಿ ಬಿದ್ದಿದೆ ಅನ್ನುವವರೂ ಇದ್ದಾರೆ. ಅದು ರಿಡೆಂಪ್ಶನ್ ಶುಲ್ಕ, ಅಂದರೆ ಪಾಯಿಂಟ್ಸ್ ಬಳಸಿದ್ದಕ್ಕೆ ಬ್ಯಾಂಕು ಹಾಕುವ ಶುಲ್ಕ. ಶುಲ್ಕ 99 ರೂಪಾಯಿ ಇದ್ದರೆ 18% ಜಿಎಸ್‌ಟಿ ಸೇರಿ 116.82 ಬೀಳುತ್ತದೆ, 199 ಇದ್ದರೆ 234.82. ಅಷ್ಟೇ ಬಿದ್ದಿದ್ದರೆ ದೋಷ ಏನೂ ಇಲ್ಲ. ಸಣ್ಣ ಸಣ್ಣ ಕಂತಿನಲ್ಲಿ ಐದು ಸಲ ಕಳಿಸಿದರೆ ಐದು ಸಲವೂ ಬೀಳುತ್ತದೆ.

## "ಮೈಲ್ಸ್ ಇವೆ, ಸೀಟೇ ಸಿಗುತ್ತಿಲ್ಲ"

ಇದು ಟ್ರಾನ್ಸ್‌ಫರ್ ಆದಮೇಲೆ ಗೊತ್ತಾಗುವ ದೋಷ, ಆದರೆ ಹುಟ್ಟುವುದು ಅದಕ್ಕೂ ಮುಂಚೆ. ವಿಮಾನದಲ್ಲಿ ಸೀಟು ಖಾಲಿ ಇದ್ದ ಮಾತ್ರಕ್ಕೆ ಮೈಲ್ಸ್‌ಗೆ ಸಿಗುತ್ತದೆ ಅಂತಲ್ಲ. ಕಡಿಮೆ ಮೈಲ್ಸ್ ದರದ ಸೀಟುಗಳನ್ನು ಏರ್‌ಲೈನ್ ಲೆಕ್ಕ ಹಾಕಿ ಇಷ್ಟೇ ಅಂತ ಬಿಡುತ್ತದೆ, ಅದರಲ್ಲೂ ಪಾರ್ಟ್ನರ್ ಏರ್‌ಲೈನಿನ ಸದಸ್ಯರಿಗೆ ಇನ್ನೂ ಕಡಿಮೆ. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್ ಅನ್ನುವ ಏರ್‌ಲೈನುಗಳ ಕೂಟದಲ್ಲಿದೆ, ಸಿಂಗಾಪುರ್ ಏರ್‌ಲೈನ್ಸ್, ಲುಫ್ತಾನ್ಸಾ, ಯುನೈಟೆಡ್ ಕೂಡ ಅದರಲ್ಲೇ ಇವೆ. ಒಂದರ ಮೈಲ್ಸ್‌ನಲ್ಲಿ ಇನ್ನೊಂದರ ಸೀಟು ತೆಗೆಯಬಹುದು ಅನ್ನುವುದು ನಿಜ. ಆದರೆ ಒಂದರ ಪುಟದಲ್ಲಿ ಕಾಣುವ ಸೀಟು ಇನ್ನೊಂದರ ಪುಟದಲ್ಲಿ ಕಾಣದೇ ಇರಬಹುದು. ಕಂಡರೂ, ಒತ್ತಿದಾಗ ಎರರ್ ಬರಬಹುದು.

ಹಾಗಾಗಿ ಯಾವ ಖಾತೆಗೆ ಕಳಿಸುತ್ತೀರೋ ಅದೇ ಖಾತೆಗೆ ಲಾಗಿನ್ ಆಗಿ, ಅದೇ ದಿನಾಂಕ ಹಾಕಿ, ಹಣ ಕಟ್ಟುವ ಪುಟದವರೆಗೆ ಹೋಗಿ ನೋಡಿ. ಮೈಲ್ಸ್ ಸಾಲದು ಅಂತ ಅದಕ್ಕೂ ಮುಂಚೆಯೇ ನಿಲ್ಲಿಸುವ ಏರ್‌ಲೈನುಗಳೂ ಇವೆ, ಆಗ ಫೋನ್ ಮಾಡಿ ಸೀಟು ನಿಜವಾಗಿ ಇದೆಯಾ ಅಂತ ಕೇಳಿ.

ಈಗಾಗಲೇ ಕಳಿಸಿ ಕೂತಿದ್ದೀರಾ? ದಿನಾಂಕ ಮುಂದೆ ಹಿಂದೆ ಮಾಡಿ ನೋಡಿ. ಬೆಂಗಳೂರಿಂದ ಸಿಗದಿದ್ದರೆ ಚೆನ್ನೈ, ಮುಂಬೈಯಿಂದ ನೋಡಿ. ಸಿಂಗಾಪುರ್ ಏರ್‌ಲೈನ್ಸ್ 355 ದಿನ ಮುಂಚೆಯೇ ಸೀಟು ತೆರೆಯುತ್ತದೆ, ದಸರಾ ಅಥವಾ ಬೇಸಿಗೆ ರಜೆಗೆ ಹೋಗುವವರು ಅಷ್ಟು ಬೇಗ ನೋಡಿದರೆ ಸಿಗುವ ಸಾಧ್ಯತೆ ಜಾಸ್ತಿ.

ಅಪ್ಪ ಅಮ್ಮನಿಗೆ ಟಿಕೆಟ್ ತೆಗೆಯುವವರು ಇನ್ನೊಂದು ನೋಡಿ. ಕೆಲವು ಕಾರ್ಯಕ್ರಮಗಳಲ್ಲಿ ಬೇರೆಯವರ ಹೆಸರನ್ನು ಮೊದಲು ನಾಮಿನಿಯಾಗಿ ಸೇರಿಸಬೇಕು. ಸಿಂಗಾಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್‌ನಲ್ಲಿ ಐದು ಮಂದಿಯವರೆಗೆ ಸೇರಿಸಬಹುದು. ಅಲ್ಲೂ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ.

ಮೈಲ್ಸ್ ಕೊಟ್ಟರೂ ತೆರಿಗೆ, ಸರ್‌ಚಾರ್ಜ್ ದುಡ್ಡಿನಲ್ಲೇ ಕಟ್ಟಬೇಕು. ಕೆಲವು ಏರ್‌ಲೈನುಗಳಲ್ಲಿ ಇದು ಸಾವಿರಗಟ್ಟಲೆ ಆಗುತ್ತದೆ. ವಿದೇಶಿ ಕರೆನ್ಸಿಯಲ್ಲಿ ಕಟ್ಟಿದರೆ ಕಾರ್ಡಿನ ಫಾರೆಕ್ಸ್ ಶುಲ್ಕವೂ ಸೇರುತ್ತದೆ.

## "ನಾನು ಕಳಿಸಿಯೇ ಇಲ್ಲ, ಪಾಯಿಂಟ್ಸ್ ಹೋಗಿವೆ"

ಇಲ್ಲಿ ಪರೀಕ್ಷೆ ಮಾಡುತ್ತಾ ಕೂರಬೇಡಿ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡನ್ನು ಬ್ಲಾಕ್ ಮಾಡಿ. ಕಾರ್ಡಿನ ಹಿಂಬದಿಯಲ್ಲಿರುವ ನಂಬರಿಗೆ ಕರೆ ಮಾಡಿ ಹೇಳಿ. ದುಡ್ಡೂ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ನೆಟ್‌ಬ್ಯಾಂಕಿಂಗ್, ಇಮೇಲ್, ಏರ್‌ಲೈನ್ ಖಾತೆ, ಮೂರರ ಪಾಸ್‌ವರ್ಡ್ ಬದಲಿಸಿ.

ಆಮೇಲೆ ನೆನಪು ಮಾಡಿಕೊಳ್ಳಿ. "ನಿಮ್ಮ 9,000 ರೂಪಾಯಿ ಮೌಲ್ಯದ ಪಾಯಿಂಟ್ಸ್ ಇವತ್ತು ರಾತ್ರಿ ಮುಗಿಯುತ್ತವೆ, ಇಲ್ಲಿ ಒತ್ತಿ" ಅಂತ ಮೆಸೇಜ್ ಬಂದಿತ್ತಾ? ವಾಟ್ಸಾಪ್‌ನಲ್ಲಿ ಬ್ಯಾಂಕಿನ ಹೆಸರಿಟ್ಟ ಎಪಿಕೆ ಫೈಲ್ (ಫೋನಿಗೆ ನೇರವಾಗಿ ಆ್ಯಪ್ ಹಾಕುವ ಫೈಲ್) ಬಂದಿತ್ತಾ, ಅದನ್ನು ಮನೆಯಲ್ಲಿ ಯಾರಾದರೂ ಹಾಕಿಕೊಂಡರಾ? ಹಾಕಿಕೊಂಡಿದ್ದರೆ ಆ ಫೋನಿನ ಇಂಟರ್‌ನೆಟ್ ಆಫ್ ಮಾಡಿ, ಬ್ಯಾಂಕಿಗೆ ಬೇರೆ ಫೋನಿನಿಂದ ಕರೆ ಮಾಡಿ. ಅಂಥ ಆ್ಯಪ್ ನಿಮಗೆ ಬರುವ ಒಟಿಪಿಯನ್ನು ಓದಬಲ್ಲದು.

ಟ್ರಾನ್ಸ್‌ಫರ್ ಸಿಕ್ಕಿಹಾಕಿಕೊಂಡು ನೀವು ಕಸ್ಟಮರ್ ಕೇರ್ ನಂಬರ್ ಹುಡುಕುತ್ತಿರುವ ಹೊತ್ತೇ ಮೋಸಗಾರರಿಗೂ ಬೇಕಾದ ಹೊತ್ತು. ಯಾರೇ ಒಟಿಪಿ, ಸಿವಿವಿ, ಪಿನ್ ಕೇಳಿದರೂ, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿ ಅಂದರೂ ಫೋನ್ ಇಡಿ.

## "ಕಾರ್ಡ್ ಮುಚ್ಚಿದೆ" ಅಥವಾ "ಮೈಲ್ಸ್ ಅವಧಿ ಮುಗಿಯುತ್ತಿದೆ"

ಕಾರ್ಡ್ ಮುಚ್ಚಿದ ಮೇಲೆ ಉಳಿದ ಪಾಯಿಂಟ್ಸ್ ಸಾಮಾನ್ಯವಾಗಿ ಹೋಗಿಬಿಡುತ್ತವೆ. ಮುಚ್ಚಿದ ದಿನವೇ ನೆನಪಾಗಿದ್ದರೆ ಬ್ಯಾಂಕಿಗೆ ಅಂದೇ ಬರೆಯಿರಿ. ಇನ್ನೂ ಮುಚ್ಚಿಲ್ಲ ಅಂದರೆ ಮೊದಲು ಪಾಯಿಂಟ್ಸ್ ಕಳಿಸಿ, ಏರ್‌ಲೈನ್ ಖಾತೆಗೆ ಬಂದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಮುಚ್ಚಲು ಹೇಳಿ.

ಮೈಲ್ಸ್‌ಗೂ ಆಯಸ್ಸು ಇದೆ. ಕ್ರಿಸ್‌ಫ್ಲೈಯರ್ ಮೈಲ್ಸ್‌ಗೆ ಮೂರು ವರ್ಷ. ಕೆಲವು ಕಡೆ ಖಾತೆಯಲ್ಲಿ ಏನಾದರೂ ಓಡಾಟ ಇದ್ದರೆ ಅವಧಿ ಮುಂದಕ್ಕೆ ಹೋಗುತ್ತದೆ. ಪ್ರಯಾಣ ಗೊತ್ತಾಗುವ ಮುಂಚೆ ಸುಮ್ನೆ ಕಳಿಸಿಟ್ಟರೆ ಈ ಗಡಿಯಾರ ಅವತ್ತಿನಿಂದಲೇ ಓಡಲು ಶುರುವಾಗುತ್ತದೆ. ಅಮ್ಮನ ಟಿಕೆಟ್ ಆದಮೇಲೆ ನನ್ನ ಖಾತೆಯಲ್ಲಿ 4,000 ಮೈಲ್ಸ್ ಉಳಿದವು. ಅವು ಮುಗಿಯುವ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ, ಗ್ಯಾಸ್ ಸಿಲಿಂಡರ್ ಬಂದ ದಿನಾಂಕದ ಪಕ್ಕದಲ್ಲಿ.